ಅರ್ಧ ಗಂಟೆಗೊಮ್ಮೆ

ಮೈನಸ್ ನಲವತ್ತೇಳು. ವಾಯವ್ಯದ ಗಾಳಿ.
ಮುಚ್ಚದ ಚರ್ಮ ಐದೇ ನಿಮಿಷಕ್ಕೆ ಮರಗಟ್ಟೀತು.
ಊರ ರೇಡಿಯೊದಲ್ಲಿ ಲೀಟಿಯಾ ಓದುತ್ತಾಳೆ,
ಮೊದಲು ಇನುಕ್ಟಿಟುಟ್, ಆಮೇಲೆ ಇಂಗ್ಲಿಷ್.

ನಡುವೆ ಫೋನು: ಶಾಲೆ ಇಲ್ಲವಂತೆ, ನಿಜವೇ?
ಪಡ್ಲುಕ್ ಅಜ್ಜಿಯ ಹೀಟರು ಕೆಟ್ಟಿದೆ, ಯಾರಾದರೂ ಬನ್ನಿ.
ಯಾರದೋ ನಾಯಿಮರಿ ನಮ್ಮ ಬಾಗಿಲಲ್ಲಿ, ಒಂದು ಕಿವಿ ಕಂದು.

ಕಿಟಕಿಯಾಚೆ ಬೀದಿದೀಪ ಇತ್ತು.
ಈಗಲೂ ಇದ್ದೀತು.

ಹೊರಗೆ ಹೋಗಬೇಡಿ ಅನ್ನುತ್ತದೆ ಹಾಳೆ.
ನಿನ್ನೆಯೇ ಹೋದವರಿಗೆ
ಅದರಲ್ಲಿ ಒಂದು ಸಾಲೂ ಇಲ್ಲ.

ಜೂಪಿಯ ರೇಡಿಯೊ ಬ್ಯಾಟರಿ
ಅಡುಗೆಮನೆಯ ಮೇಜಿನ ಮೇಲೇ ಉಳಿದಿದೆ.
ಗೊತ್ತಿದ್ದೂ ಮೈಕಿಗೆ ಬಾಗುತ್ತಾಳೆ:
ಹಿಮ ಕೊರೆದು ಕೂತಿದ್ದರೆ ಅಲ್ಲೇ ಇರು, ಕಣೋ.
ಚಹಾ ಒಂದೇ ಸಲ ಮುಗಿಸಬೇಡ.
ನಿನ್ನೆಯ ಜಗಳ
ಬಂದಮೇಲೆ ಆಡೋಣ.

ಮತ್ತೆ ಫೋನು.
ಆ ಕಂದು ಕಿವಿಯ ಮರಿ, ನಮ್ಮದೇ.