ಒಳಗೆ ಬರಲೇ

ವಾರ್ಡೊ ದ್ವೀಪದಲ್ಲಿ ನವೆಂಬರ್ ಕೊನೆಗೆ
ಸೂರ್ಯ ಅಂಗಡಿ ಮುಚ್ಚಿದ ಮೇಲೆ
ಮಧ್ಯಾಹ್ನ ಮೂರಕ್ಕೇ ನಮ್ಮ ಬಾಗಿಲು ಬಡಿಯುತ್ತದೆ.
ಯೆಫೀಮ್. ತಲೆಯ ಮೇಲೆ ಹಿಮ, ಕರಗದ ಹಿಮ,
ಮೈಯಲ್ಲಿ ಕಾವಿದ್ದರಲ್ಲವೇ ಕರಗುವುದು.
"ಒಳಗೆ ಬರಲೇ?"

ಒಮ್ಮೆ ಕರೆದರೆ ಸಾಕು, ಆಮೇಲೆ ಅವರನ್ನು
ತಡೆಯುವ ಬಾಗಿಲಿಲ್ಲ ಎನ್ನುತ್ತಾರೆ ಹಳಬರು.
ನಾನು ಕರೆದು ಹನ್ನೊಂದು ವರ್ಷವಾಯಿತು.
ಅವನು ಇನ್ನೂ ದಿನಾ ಕೇಳುತ್ತಾನೆ.

ಇನ್ನೂರು ಚಿಲ್ಲರೆ ವರ್ಷದ ಹಿಂದೆ ಬಿಳಿಸಮುದ್ರದ ಕಡೆಯಿಂದ
ರೈ ಹಿಟ್ಟಿನ ಮೂಟೆ ಹೇರಿಕೊಂಡು ಬಂದ ದೋಣಿಯವನು.
ಹಿಟ್ಟು ಕೊಟ್ಟು ಮೀನು ಒಯ್ಯಬೇಕಿತ್ತು,
ಕತ್ತು ಕೊಟ್ಟು ಇಲ್ಲೇ ಉಳಿದ.
ಯಾರಿಗೆ ಕೊಟ್ಟೆ ಎಂದರೆ
"ಕೊಟ್ಟದ್ದಲ್ಲ. ಅವಳು ಕೇಳಿರಲಿಲ್ಲ" ಎನ್ನುತ್ತಾನೆ, ಅಷ್ಟೇ.

ಅಸ್ಲಾಕ್, ನನ್ನ ಗಂಡ, ಹಿಮ ತಳ್ಳುವ ಬಂಡಿ ಓಡಿಸುತ್ತಾನೆ.
ನಾನು ನರ್ಸ್, ನರ ಹುಡುಕುವುದು ನನ್ನ ಕಸುಬು.
ಹಲ್ಲಿಗೆ ಮೊದಲು ಸ್ಪಿರಿಟ್ಟಿನ ಹತ್ತಿ, ಆಮೇಲೆ ಗಡಿಯಾರ,
ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ಲೆಕ್ಕ.
ಹನ್ನೆರಡರ ಕೆಳಗಿಳಿದರೆ ಆ ತಿಂಗಳು
ಅವನಿಗೆ ಅಸ್ಲಾಕನ ಅಣ್ಣನ ಮಂದೆಯ ಹಿಮಸಾರಂಗದ ನೆತ್ತರು.
ಕುಡಿಯುತ್ತಾನೆ, ಕಷಾಯ ಕುಡಿವ ಮಗುವಿನ ಮುಖ ಮಾಡಿ.

ಹೊಟ್ಟೆಕಿಚ್ಚಿಲ್ಲವೇ ಎಂದಳು ನನ್ನಕ್ಕ.
ಇದೆ. ಯಾಕಿಲ್ಲ?
ಅಡುಗೆಮನೆಯ ನಾಲ್ಕನೆಯ ಕುರ್ಚಿ ಅದರದೇ.
ಬಂದಾಗ ಕೂರಿಸಿ ಕಾಫಿ ಕೊಡುತ್ತೇವೆ,
ಏನಾಯಿತು, ಹೇಳು ಎನ್ನುತ್ತೇವೆ.
ಮೊದಲ ಚಳಿಗಾಲ ಅದು ರಾತ್ರಿಯಿಡೀ ಮಾತಾಡಿತು
ಅಸ್ಲಾಕನ ದನಿಯಲ್ಲಿ:
"ಅವನಿಗೆ ಮುಪ್ಪಿಲ್ಲ. ನನಗೆ ಈಗಲೇ ಮಂಡಿನೋವು.
ನಿನ್ನ ಕಣ್ಣಿಗೆ ನಾನು ಯಾವತ್ತು ಮುದುಕನಾಗುತ್ತೇನೆ?"
ಯೆಫೀಮ್ ಉತ್ತರ ಕೊಡಲಿಲ್ಲ. ಎದ್ದು ಮುಲಾಮು ತಂದ,
ಆ ಮಂಡಿಯೆದುರು ನೆಲದ ಮೇಲೆ ಕೂತ:
"ಒತ್ತಲೇ?"
ತಣ್ಣನೆಯ ಕೈ ಊತಕ್ಕೆ ಒಳ್ಳೆಯದು, ಇದು ನರ್ಸಿನ ಮಾತು.
ಅವರಿಬ್ಬರ ನಡುವಿನದೆಲ್ಲ ಶುರುವಾದದ್ದು ಆ ಮಂಡಿಯಿಂದ,
ಇದು ಹೆಂಡತಿಯ ಮಾತು.

ಒಂದು ಸಂಜೆ ಅಸ್ಲಾಕ್ ಬಾಗಿಲಲ್ಲಿ ನಿಂತು
"ಇವತ್ತು ಬೇಡ" ಎಂದ.
ಅವನ ತಾಯಿ ತೀರಿಕೊಂಡ ವಾರ;
ಬಿಸಿಯುಸಿರಿನವರು ಮಾತ್ರ ಬೇಕಿತ್ತು ಅವನಿಗೆ.
ಕಥೆಯ ರಕ್ತಪಿಶಾಚಿಯಾಗಿದ್ದರೆ
ಬಾವಲಿಯಾಗಿ ಚಿಮಣಿ ಇಳಿಯುತ್ತಿತ್ತು.
ಯೆಫೀಮ್ "ಆಗಲಿ" ಎಂದ.
ಮೆಟ್ಟಿಲ ಹಿಮ ಗೋರಿ, ಉಪ್ಪು ಚೆಲ್ಲಿ,
ಬಂದರಿನ ಬಲೆಕೊಟ್ಟಿಗೆಗೆ, ತನ್ನ ಮನೆಗೆ, ಹೋದ.
ಮರುದಿನ ಬೆಳಗು ಅನ್ನಿಸಿಕೊಳ್ಳುವ ಕತ್ತಲಲ್ಲಿ
ಚಿಲಕಕ್ಕೆ ತೂಗುತ್ತಿತ್ತು ಒಂದು ಕಾಡ್ ಮೀನು,
ಕರುಳು ತೆಗೆದು ತೊಳೆದದ್ದು.
ಮೂವತ್ತು ವರ್ಷದ ನರ್ಸು, ಹೆಣ ತೊಳೆದವಳು,
ಆ ಮೀನು ಹಿಡಿದು ಅತ್ತೆ.

ಕನ್ನಡಿಯಲ್ಲಿ ಅವನು ಬೀಳುವುದಿಲ್ಲ.
ನಾವೇ ಹೇಳಬೇಕು: ಎಡಗಡೆ ಕೂದಲು ಎದ್ದಿದೆ,
ನಗುವಾಗ ಗುಳಿ ಬೀಳುತ್ತದೆ. ಬಲಗೆನ್ನೆ ಎನ್ನುತ್ತೇನೆ ನಾನು,
ಎಡ ಎನ್ನುತ್ತಾನೆ ಅಸ್ಲಾಕ್.
ಅವನು ಇಬ್ಬರನ್ನೂ ನಂಬುತ್ತಾನೆ.

ನಿಮ್ಮನ್ನೂ ನನ್ನಂತೆ ಮಾಡಲೇ ಎಂದು ಒಂದೇ ಸಲ ಕೇಳಿದ್ದು.
ಬೇಡ ಎಂದೆ ನಾನು. ಗೊತ್ತಿಲ್ಲ ಎಂದ ಅಸ್ಲಾಕ್.
ಗೊತ್ತಾಗುವವರೆಗೆ ಆ ಮಾತು ತೆಗೆಯುವ ಹಕ್ಕು
ಅಸ್ಲಾಕನದೊಬ್ಬನದೇ.

ಜನವರಿಯಲ್ಲಿ ಸೂರ್ಯ ಪೂರ್ತಿ ಮೇಲೆದ್ದ ದಿನ
ಕೋಟೆಯಲ್ಲಿ ತೋಪು ಹಾರಿಸುತ್ತಾರೆ, ಮಕ್ಕಳಿಗೆ ಶಾಲೆ ರಜೆ.
ನಮ್ಮಲ್ಲಿ ಮಾತ್ರ ಯಾರೋ ಚಮಚ ಕೆಳಗಿಡುತ್ತಾರೆ.
ಮೇ ತಿಂಗಳಿಂದ ರಾತ್ರಿಯೇ ಇಲ್ಲ. ಹತ್ತು ವಾರ
ಅವನು ನಮ್ಮ ನೆಲಮಾಳಿಗೆಯಲ್ಲಿ, ಆಲೂಗಡ್ಡೆಯ ಚೀಲಗಳಾಚೆ,
ತನ್ನ ಹಳೆಯ ದೋಣಿಯ ಹಲಗೆಯ ಪೆಟ್ಟಿಗೆಯಲ್ಲಿ.

ಭಾನುವಾರ ಇಬ್ಬರೂ ಇಳಿದು
ಮುಚ್ಚಳ ಬಡಿಯುತ್ತೇವೆ: "ಒಳಗೆ ಬರಲೇ?"
ಒಮ್ಮೊಮ್ಮೆ ಹಲಗೆ ಸರಿಯುತ್ತದೆ.
ಒಮ್ಮೊಮ್ಮೆ ನಿದ್ದೆಗಣ್ಣಿನ ದನಿ: "ಇವತ್ತು ಬೇಡ."
ಸರಿ ಎಂದು ಮೇಲೇರುತ್ತೇವೆ, ಬಿಸಿಲಿನ ಕಡೆಗೆ.
ಏಳನೆಯ ಮೆಟ್ಟಿಲಲ್ಲಿ ನಿಂತು
ಅಸ್ಲಾಕ್ ಮಂಡಿ ನೀವಿಕೊಳ್ಳುತ್ತಾನೆ.