ಮೂರನೆಯ ಸಮಚಿಹ್ನೆ

ಬೈತಖೋಲ ಬಂದರದ ಮೀನುಗಾರರ ಸೊಸೈಟಿಯಲ್ಲಿ
ನನ್ನ ಮೇಜಿಗೆ ಒಂದು ಕಾಲು ಗಿಡ್ಡ,
ಅದರಡಿ ಮಡಚಿಟ್ಟ ಹಳೆಯ ರಸೀದಿ ಪುಸ್ತಕ.
ಮೇಲೆ ಕಂಪ್ಯೂಟರು, ಅದರೊಳಗೆ
ನಾನೇ ಬರೆದ ನಲವತ್ತು ಸಾಲಿನ ಸ್ಕ್ರಿಪ್ಟು.
ದಿನದ ಮೀನು ಎಷ್ಟು, ಯಾವ ಬೋಟಿಗೆ ಎಷ್ಟು ಮಂಜುಗಡ್ಡೆ,
ಯಾರಿಗೆ ಡೀಸೆಲ್ ರಿಯಾಯಿತಿ. ಇಷ್ಟೇ ಕೆಲಸ.

ಮೊದಲ ದಿನ ಹನ್ನೆರಡು ಬುಟ್ಟಿ ಬಂಗಡೆಗೆ
ಸಂಜೆಯ ಮೂರು ಬುಟ್ಟಿ ಕೂಡಿಸಿದೆ.
ನೂರಾ ಇಪ್ಪತ್ಮೂರು ಎಂದಿತು.
ಸೆಕ್ರೆಟರಿ ಗುನಗಿಯವರು ಕನ್ನಡಕ ಒರೆಸಿಕೊಂಡು
ಕಿಟಕಿಯಿಂದ ಜೆಟ್ಟಿಯತ್ತ ನೋಡಿದರು,
ಅಷ್ಟು ಬಂಗಡೆ ಬಂದಿದ್ದರೆ ವಾಸನೆಯಾದರೂ ಬರಬೇಕಿತ್ತಲ್ಲ.

ಆಮೇಲೆ ತಿಳಿಯಿತು: ಆ ಹನ್ನೆರಡು
ಉದ್ಧರಣ ಚಿಹ್ನೆಗಳ ನಡುವೆ ಕೂತಿತ್ತು,
ಅಂಕಿಯಾಗಿ ಅಲ್ಲ, ಅಕ್ಷರವಾಗಿ.
ಅಕ್ಷರಕ್ಕೆ ಅಂಕಿ ಕೂಡಿಸಿದರೆ ಪಕ್ಕದಲ್ಲಿ ಒತ್ತಿ ನಿಲ್ಲಿಸುತ್ತದೆ,
ಮದುವೆ ಫೋಟೋದಲ್ಲಿ ಬೀಗರನ್ನು ನಿಲ್ಲಿಸಿದ ಹಾಗೆ.
ಕಳೆಯುವಾಗ ಮಾತ್ರ, ಅದೇ ಹನ್ನೆರಡು, ಅದೇ ಮೂರು,
ಸರಿಯಾಗಿ ಒಂಬತ್ತು.
ಥೇಟು ನಮ್ಮ ದಲ್ಲಾಳಿಯ ಬುದ್ಧಿ:
ಕೊಡುವಾಗ ಮರೆವು,
ಮುರಿದುಕೊಳ್ಳುವಾಗ ಪೈಸೆ ಪೈಸೆ ನೆನಪು.

ಪಾರ್ಶು ತಾಂಡೇಲ ಚೀಟಿಯಲ್ಲಿ ಕನ್ನಡದ ಅಂಕಿ ಬರೆಯುತ್ತಾನೆ,
ಮಾಜಾಳಿ ಶಾಲೆಯಲ್ಲಿ ಕಲಿತದ್ದು: ೧೭.
ಹಾಗೇ ಹೊಡೆದೆ. ಇದು ಸಂಖ್ಯೆಯಲ್ಲ ಎಂದಿತು.
ಹಾಗಾದರೆ ಈ ಸಂಖ್ಯೆಯಲ್ಲದ್ದರ ಜಾತಿ ಯಾವುದು? ಸಂಖ್ಯೆ ಎಂದಿತು.
ಇದು ಇದಕ್ಕೇ ಸಮವೋ? ಅಲ್ಲ ಎಂದಿತು.
ತಾಂಡೇಲ ಬಗ್ಗಿ ನೋಡಿ ನಕ್ಕ:
"ಕುಡ್ದು ಬಂದ ರಾತ್ರಿ ನನ್ನ ಹೆಂಡ್ತಿನೂ ಹಿಂಗೇ ಹೇಳ್ತದೆ,
ಇವ ಇವನಲ್ಲ ಅಂತ."

ಇವೆಲ್ಲ ನಗುವ ಮಾತು.

ಮೀನು ಇದ್ದರೆ ಪಟ್ಟಿಗೆ ಸೇರಿಸು, ಇಲ್ಲವಾದರೆ ಬಿಡು
ಎಂದು ಒಂದು ಸಾಲು ಬರೆದಿದ್ದೆ.
ರಾತ್ರಿಯಿಡೀ ಬಲೆ ಎಳೆದು ಬರಿಗೈಲಿ ಬಂದವನ ಸೊನ್ನೆ,
ಇಂಜಿನ್ ಬಿಚ್ಚಿಟ್ಟು ದಂಡೆಯಲ್ಲೇ ಉಳಿದವನ ಖಾಲಿ ಮನೆ,
ಹೋಗಿ ಐದು ದಿನವಾದ 'ಖಾಪ್ರಿ ಕೃಪಾ'ದ ಎದುರಿನ ಜಾಗ:
ಮೂರೂ ಅದಕ್ಕೆ ಒಂದೇ. ಮೂರೂ ಸುಳ್ಳು. ಮೂರನ್ನೂ ಬಿಟ್ಟಿತು.
ಸುಳ್ಳು ಎನ್ನುವುದು ಅದರ ಪರಿಭಾಷೆ, ಬೈಗುಳವಲ್ಲ.
ಆದರೂ ಡೀಸೆಲ್ ಸುಟ್ಟುಕೊಂಡು ಬಂದವನು
ಕೌಂಟರಿನ ಮುಂದೆ ನಿಂತು "ನನ್ನ ರಾತ್ರಿ ಸುಳ್ಳಾ?" ಎಂದರೆ
ಏನು ಹೇಳುವುದು.

ಸರಿಪಡಿಸಿದೆ. ಸೊನ್ನೆಗೆ ಸೊನ್ನೆಯ ಮರ್ಯಾದೆ ಸಿಕ್ಕಿತು,
ದಂಡೆಯವನಿಗೆ ದಂಡೆ.
ಉಳಿದ ಒಂದು ಮನೆಯಲ್ಲಿ 'ಬರಲಿಲ್ಲ' ಎಂದು ತುಂಬಿದೆ.

ಶೇವಂತಿ ಹರಿಕಂತ್ರ ಬಂದಳು. ತಲೆಯ ಬುಟ್ಟಿ ಇಳಿಸದೆ
ತೆರೆಯ ಮೇಲೆ ಬೆರಳಿಟ್ಟು ನಿಧಾನ ಓದಿದಳು.
ಮನೆಯಲ್ಲಿ ಕೊಂಕಣಿ ಆಡುವವಳು,
ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು,
ನನ್ನ ಕನ್ನಡ ತಿದ್ದಿದಳು:
"ಬರಲಿಲ್ಲ ಅಲ್ಲ, ಅಕ್ಕೋರೆ. ಬಂದಿಲ್ಲ."

ಬಂದಿಲ್ಲ: ಬಾಗಿಲಿಗೆ ಅಗುಳಿ ಹಾಕದ ಇಲ್ಲ.
ಬರಲಿಲ್ಲ: ಸಹಿ ಮಾಡಿ ಮೊಹರು ಒತ್ತಿದ ಇಲ್ಲ.
ಯಂತ್ರದಲ್ಲೂ ಇವೆರಡು ಇವೆ, ಬೇರೆ ಹೆಸರಿನಲ್ಲಿ.
ಒಂದು, ಇನ್ನೂ ಯಾರೂ ಏನೂ ಇಡದ ಜಾಗ;
ಇನ್ನೊಂದು, ಏನೂ ಇಲ್ಲವೆಂದು ಯಾರೋ ತಿಳಿದೇ ಇಟ್ಟದ್ದು.
ಸಮಚಿಹ್ನೆ ಎರಡು ಸಲ ಒತ್ತಿ ಕೇಳಿದರೆ
ಎರಡೂ ಒಂದೇ ಎಂದುಬಿಡುತ್ತದೆ,
ಊಟದ ಹೊತ್ತಿನ ಗುಮಾಸ್ತನ ಹಾಗೆ, ನನ್ನ ಹಾಗೆ.
ಮೂರನೆಯ ಸಲ ಒತ್ತಿದರೆ ಮಾತ್ರ
ಅಲ್ಲ ಎನ್ನುತ್ತದೆ.

ಹೊರಗೆ ದೇವಗಡದ ದೀಪ ತಿರುಗತೊಡಗಿತ್ತು.
ಬುಟ್ಟಿಯ ನೀರು ಅವಳ ಕಿವಿಯ ಪಕ್ಕ ಇಳಿಯುತ್ತಿತ್ತು.
ನಲವತ್ತು ಸಾಲನ್ನೂ ಮೇಲಿನಿಂದ ಹುಡುಕುತ್ತ ಬಂದು
ಎರಡಿದ್ದಲ್ಲೆಲ್ಲ ಇನ್ನೊಂದು ಒತ್ತಿದೆ.
ಆ ಮನೆಯಲ್ಲಿದ್ದದ್ದನ್ನು ಅಳಿಸಿದೆ. ಸೊನ್ನೆಯನ್ನೂ ಇಡಲಿಲ್ಲ.

"ಈಗ ಏನು ಬರ್ದೀರಿ?"
"ಏನೂ ಬರೆದಿಲ್ಲ."
"ಹಾಂ. ಹಾಗೇ ಇರ್ಲಿ" ಎಂದು ಹೊರಟಳು.
ಬುಟ್ಟಿಯಲ್ಲಿ ಲೆಪ್ಪೆ ಅರ್ಧ ಉಳಿದಿತ್ತು,
ಕೋಡಿಬಾಗದ ಬಸ್ಸು ಇನ್ನೂ ಬಿಟ್ಟಿರಲಿಲ್ಲ.