ಎತ್ತದ ಕರೆಗಳ ಲೆಕ್ಕ

ಯಜಮಾನರಿಗೆ ನಾನು ಬರೆದುಕೊಟ್ಟ ಟಿಪ್ಪಣಿಯಲ್ಲಿ
ಮೂರೇ ಮಾತಿದ್ದವು:
ಫೋನಿನ ಬಾಬ್ತು ತಿಂಗಳಿಗೆ ಹನ್ನೊಂದು ಸಾವಿರದ ಚಿಲ್ಲರೆ;
ಇಂಟರ್‌ನೆಟ್ಟಿಗೆ ಬದಲಾದರೆ ಮೂರೂವರೆ;
ಇಲಿ ಕಡಿಯುವುದಕ್ಕೆ ತಂತಿಯೇ ಇರುವುದಿಲ್ಲ.

ಜಿನದತ್ತಯ್ಯನವರು ಸಹಿ ಹಾಕಿದ್ದು ಮೂರನೆಯದನ್ನು ಓದಿ.

ಹಾಸನದ ಕೈಗಾರಿಕಾ ಪ್ರದೇಶ, ಕೊನೇ ತಿರುವು,
ನಮ್ಮದು ಆಲೂಗಡ್ಡೆಯ ಕೋಲ್ಡ್ ಸ್ಟೋರೇಜು.
ಒಳಗೆ ಮೂರು ಡಿಗ್ರಿ, ಹೊರಗೆ ಮಾರ್ಚಿನ ಬಿಸಿಲು.
ಬಿತ್ತನೆ ಗಡ್ಡೆ ಗೋಣಿಯಲ್ಲಿ ಕಣ್ಣು ಬಿಡದೆ ಮಲಗಿದ್ದರೆ
ದುದ್ದದಿಂದ, ಶಾಂತಿಗ್ರಾಮದಿಂದ, ಸಾಲಗಾಮೆಯಿಂದ ಫೋನು:
'ನಮ್ ಚೀಲ ಹೆಂಗವೆ?'
ಹಾಸ್ಟೆಲ್ಲಿಗೆ ಬಿಟ್ಟ ಮಗಳನ್ನು ವಿಚಾರಿಸಿದ ಹಾಗೆ.

ಎಲ್ಲ ಕರೆಯೂ ಸೆರಾಫಿನಮ್ಮನ ಬೋರ್ಡಿಗೆ ಬಂದೇ ಹೋಗಬೇಕು.
ಮೂರು ಲೈನು, ಹದಿನಾರು ಕವಲು.
ಗೋದಾಮು ಹದಿನಾಲ್ಕು, ಯಂತ್ರದ ಕೋಣೆ ಒಂಬತ್ತು.
ಒಂಬತ್ತರಲ್ಲಿ ಕಂಪ್ರೆಸರಿನ ಗದ್ದಲಕ್ಕೆ ಗಂಟೆ ಕೇಳದು,
ಫೋನು ಕೊಟ್ಟು ಹಿಂದೆಯೇ ಒಬ್ಬ ಹುಡುಗನನ್ನೂ ಓಡಿಸುತ್ತಿದ್ದರು.
'ಸ್ವಲ್ಪ ತಡೀರಿ, ಕೊಡ್ತೀನಿ.'
ಇಪ್ಪತ್ತೆರಡು ವರ್ಷ ಇದೊಂದೇ ವಾಕ್ಯ.
ಜಲಂಧರದ ವ್ಯಾಪಾರಿಗಳು ಕಲಿತ ಕನ್ನಡವೂ ಅಷ್ಟೇ.

ಅರಸೀಕೆರೆಯ ತೌಸೀಫ್ ಬಂದ.
ಊಟದ ಡಬ್ಬಿಯಷ್ಟು ಒಂದು ಪೆಟ್ಟಿಗೆ ಗೋಡೆಗೆ ಹೊಡೆದ,
ನಾಲ್ಕು ದೀಪ ಮಿಟುಕಿದವು, ಚಹಾ ಕುಡಿದ, ಹೋದ.

ನಿಜ ಹೇಳಬೇಕು, ಸಲೀಸಾಯಿತು.
ದಪ್ಪ ಗೋಡೆಯ ಒಳಗೆ ಟವರ್ ಸಿಗದ ಕಾಳೇಗೌಡನ
ಸ್ವೆಟರಿನ ಜೇಬಿನಲ್ಲೇ ಹದಿನಾಲ್ಕು ಬಡಿದುಕೊಂಡಿತು.
ಅರಕಲಗೂಡಿನ ಶಾಖೆ ಪಕ್ಕದ ಮೇಜಿನಷ್ಟು ಹತ್ತಿರ, ಪುಕ್ಕಟೆ.
ರಸ್ತೆ ಅಗೆದರು; ಫೋನು ಸಾಯಲಿಲ್ಲ.
'ನೂರಾ ಎಂಬತ್ತಾರು ಚೀಲ ಅಂದಿದ್ದೆ' ಎಂದು ಒಬ್ಬರು ಎಗರಾಡಿದಾಗ
ಅವರ ಮಾತನ್ನು ಅವರಿಗೇ ಕೇಳಿಸಿದೆವು. ನೂರಾ ಅರವತ್ತೆಂಟು.
ತಮ್ಮ ದನಿ ಹೀಗಿದೆಯೆಂದು ಗೊತ್ತಿರಲಿಲ್ಲವೆಂದು ನಕ್ಕು
ಕಾಫಿ ಕುಡಿದು ಎದ್ದರು.

ಆಮೇಲೆ ಸೋಮವಾರ, ಪೆಟ್ಟಿಗೆ ತಾನಾಗಿ ಒಂದು ಪಟ್ಟಿ ಕಳಿಸಿತು.
ವಾರದಲ್ಲಿ ಬಂದ ಕರೆ ಮುನ್ನೂರ ಎರಡು.
ಎತ್ತದೇ ಹೋದದ್ದು ನಲವತ್ತೇಳು.

'ನಲವತ್ತೇಳಾ? ಯಾವಾಗಿಂದ?'
ಯಜಮಾನರ ಪ್ರಶ್ನೆಗೆ ಹಳೇ ಖಾತೆ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.
ಮಾಡಿದ ಕರೆಗೆ ಬಿಲ್ಲು ಬರುತ್ತಿತ್ತು.
ಯಾರೂ ಇಲ್ಲದ ಕೋಣೆಯಲ್ಲಿ ಹೊಡೆದುಕೊಂಡ ಗಂಟೆಗೆ
ಯಾರು ರಸೀದಿ ಕೊಟ್ಟಾರು?

ಒಂದೇ ನಂಬರು ಆರು ದಿನವೂ ಇತ್ತು. ಮಧ್ಯಾಹ್ನ ಒಂದೂ ಹತ್ತು.
ನಾವೆಲ್ಲ ಊಟಕ್ಕೆ ಎದ್ದ ಹೊತ್ತು,
ಸೆರಾಫಿನಮ್ಮ ನಲ್ಲಿಯ ಬಳಿ ಡಬ್ಬಿ ತೊಳೆಯುವ ಹೊತ್ತು.

ತಿರುಗಿ ಮಾಡಿದೆ.
ಕಟ್ಟಾಯದ ಪುಟ್ಟಲಿಂಗಮ್ಮ, ಶಾಲೆಯ ಬಿಸಿಯೂಟದ ಅಡುಗೆಯವರು.
ಮಕ್ಕಳಿಗೆ ಬಡಿಸಿ ಕೈ ಒರೆಸಿಕೊಂಡ ಮೇಲೇ ಪುರುಸೊತ್ತು.
'ಇಪ್ಪತ್ ಚೀಲ ಇಡಕ್ಕೆ ಜಾಗ ಐತಾ ಅಂತ ಕೇಳನ ಅಂತ.
ಮೂರ್ ವರ್ಸದಿಂದ ಮಾಡ್ತಾ ಇವ್ನಿ.
ದೊಡ್ಡೋರದ್ದು ಮಾತ್ರ ಎತ್ತದು ಅನ್ಕಂಡು ಸುಮ್ನಾಗ್ತಿದ್ದೆ.'
ಗಡ್ಡೆ ಎಲ್ಲಿಟ್ಟಿರಿ ಎಂದೆ.
'ಮಂಚದ್ ಕೆಳಗೆ, ಮರಳಲ್ಲಿ. ಅರ್ಧ ಕೊಳೀತದೆ.'

ಚೀಲಕ್ಕೆ ಇನ್ನೂರರಂತೆ ಇಪ್ಪತ್ತು, ಮೂರು ವರ್ಷ: ಹನ್ನೆರಡು ಸಾವಿರ.
ಕೂಡಿಸಿದೆ, ಅದು ನಮ್ಮ ಪಾಲಿನದು.
ಮಂಚದ ಕೆಳಗಿನ ಅರ್ಧವನ್ನು
ಯಾವ ಬಾಬ್ತಿಗೆ ಹಾಕಲಿ?

ಉಳಿದವರಿಗೂ ಮಾಡಿದೆ.
ಕೆಲವು ರಾಂಗ್ ನಂಬರು. ಒಬ್ಬ ಬೈದ.
ಇನ್ನೊಬ್ಬ 'ಈಗ ಬ್ಯಾಡ ಬಿಡಿ, ಮಾರ್ಬಿಟ್ವಿ' ಎಂದ, ತೀರಾ ಮೆತ್ತಗೆ.

ತೌಸೀಫ್ ಮತ್ತೆ ಬಂದಾಗ ಸೆರಾಫಿನಮ್ಮ
ಹೆಡ್‌ಫೋನು ಕಳಚಿಟ್ಟು ಕೇಳಿದರು:
'ಹಿಂದಿನ ಇಪ್ಪತ್ತೆರಡು ವರ್ಷದ್ದು ಸಿಗುತ್ತಾ ಇದರಲ್ಲಿ?'
'ಅದೆಲ್ಲ ಇಲಿ ತಿಂದ್ಕೊಂಡು ಹೋಯ್ತು ಮೇಡಂ' ಎಂದು ಅವನು ನಕ್ಕ.
ಆಕೆ ನಗಲಿಲ್ಲ.

ಮರುದಿನ ಒಂದೂ ಹತ್ತಕ್ಕೆ
ನಾನು ಕೈ ತೊಳೆಯಲು ಹೊರಟಾಗ
ಡಬ್ಬಿ ಬಿಚ್ಚದೆ ಕೂತಿದ್ದರು.